ಷರಾ ಕಾಲಮಿನಲ್ಲಿ ಒಂದು ಮೆರವಣಿಗೆ

ಮೇ ಹದಿನೈದು, ಬೆಳಿಗ್ಗೆ ಆರು ನಲವತ್ತು. ಸ್ಥಳ: ಅಮೆರಿಕದ ಸಮರ್‌ಸೆಟ್, ನಮ್ಮ ಪಕ್ಕದ ಮನೆಯ ಊಟದ ಮೇಜು. ಹಾಜರಿದ್ದವರು: ಆ ಮನೆಯ ನರ್ಸಮ್ಮ, ನಾನು, ಮತ್ತು ಗೇಣುದ್ದದ ಒಬ್ಬ ಮರದ ಸಂತ, ತನ್ನ ಎರಡು ಎತ್ತು, ಒಂದು ನೇಗಿಲಿನ ಸಮೇತ.

ನರ್ಸಮ್ಮನ ಹತ್ತೂ ಉಗುರುಗಳ ಅಂಚಿನಲ್ಲಿ ಬಣ್ಣ ಕೂತಿತ್ತು. ಹೆಬ್ಬೆರಳಿನಲ್ಲಿ ಹಸಿರು, ತೋರುಬೆರಳಿನಲ್ಲಿ ಗುಲಾಬಿ, ಉಳಿದವುಗಳಲ್ಲಿ ಹಳದಿ. ಮೂವತ್ತು ವರ್ಷ, ದಿನಕ್ಕೆ ಹತ್ತಾರು ಸಲ ಸೋಪು ಹಾಕಿ ತೊಳೆದ ಕೈಗಳು ಅವು. ಗೆಣ್ಣುಗಳ ಮೇಲಿನ ಚರ್ಮ ತೆಳ್ಳಗಾಗಿ ಈರುಳ್ಳಿ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಆ ಕೈಗಳಲ್ಲಿ ಒಂದು ಕಲೆಯನ್ನೂ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಮಳೆ?" ಎಂದು ಕೇಳಿದರು.

"ಮೋಡ ಪಶ್ಚಿಮದಲ್ಲಿದೆ. ಈಗಿನ ಮಟ್ಟಿಗೆ ಇಲ್ಲ."

"ಸಂಜೆ ತನಕ ತಡೆಯುತ್ತಾ?"

"ನಾನು ಅಳೆಯುವವಳು. ಕಣಿ ಹೇಳುವವಳಲ್ಲ."

"ನಮ್ಮ ಡಾಕ್ಟರುಗಳೂ ಹೀಗೇ ಹೇಳ್ತಾರೆ," ಎಂದು ನಕ್ಕರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಅವರ ಅಭ್ಯಾಸ. ಆ ದಿನ ಬಣ್ಣದ ಬೆರಳುಗಳ ಹಿಂದಿನಿಂದ ನಕ್ಕರು.

ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನದು ಮೈಸೂರಿನ ಇಂಗ್ಲಿಷ್, ಅವರದು ಫಿಲಿಪೀನ್ಸಿನ ಇಂಗ್ಲಿಷ್. ಮಧ್ಯದಲ್ಲಿ ಅಮೆರಿಕದ್ದು ಯಾರಿಗೂ ಬೇಕಾಗಲಿಲ್ಲ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಕಿವಿಯಲ್ಲಿ ಅವರು ಉಳಿದಿರುವುದೂ ಕನ್ನಡದಲ್ಲೇ.

ಮಗಳ ಮನೆಗೆ ಬಂದ ಮೊದಲ ವಾರವೇ ನಾನು ಅಳಿಯನಿಂದ ಎರಡು ಸಾಮಾನು ತರಿಸಿದ್ದೆ: ಒಂದು ತಾಪಮಾಪಕ, ಒಂದು ಪ್ಲಾಸ್ಟಿಕ್ಕಿನ ಮಳೆಮಾಪಕ. ಹವಾಮಾನ ವೀಕ್ಷಣಾಲಯದಲ್ಲಿ ಮೂವತ್ತನಾಲ್ಕು ವರ್ಷ, ಹಬ್ಬವೋ ಜ್ವರವೋ, ಗೊತ್ತಾದ ಗಂಟೆಗೆ ಅಳತೆ ತೆಗೆದು ರಿಜಿಸ್ಟರಿನಲ್ಲಿ ಬರೆದವಳು ನಾನು. ನಿವೃತ್ತಿಯಾದರೂ ಗಂಟೆಗಳು ನನ್ನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಒಂದು ಸಲ, ಸಂಜೆ ಎಂಟಕ್ಕೆ ಒಂದು ಸಲ ಮನೆಯ ಹಿಂದಿನ ಡೆಕ್ಕಿನ ಮೇಲೆ ಬಗ್ಗಿ ನೋಡುತ್ತಿದ್ದೆ. ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ತಾರೀಖು, ಗಂಟೆ, ಗರಿಷ್ಠ, ಕನಿಷ್ಠ, ಗಾಳಿ, ಮಳೆ, ಕೊನೆಯದು ಷರಾ.

ನರ್ಸಮ್ಮ ರಾತ್ರಿ ಪಾಳಿಯವರು. ಏಳಕ್ಕೆ ಪಾಳಿ ಮುಗಿಸಿ ಏಳು ನಲವತ್ತಕ್ಕೆ ಕಾರು ನಿಲ್ಲಿಸುತ್ತಿದ್ದರು. ಒಂದು ಬೆಳಿಗ್ಗೆ ಬೇಲಿಯ ಆಚೆ ನಿಂತು ನನ್ನನ್ನು ಬಹಳ ಹೊತ್ತು ನೋಡಿ, "ಆ ಕೊಳವೆಯಲ್ಲಿ ಏನು ನೋಡ್ತೀರಿ ದಿನಾ?" ಎಂದರು. ಮಳೆ ಎಷ್ಟು ಬಿತ್ತೆಂದು ನೋಡಿ ಬರೆಯುತ್ತೇನೆ ಎಂದೆ.

"ಓ," ಎಂದು ತಲೆಯಾಡಿಸಿದರು. "ರೋಗಿ ಎಷ್ಟು ನೀರು ಕುಡಿದ, ಎಷ್ಟು ಹೊರಗೆ ಹೋಯ್ತು ಅಂತ ನಾವೂ ಬರೀತೀವಿ. ನಿಮ್ಮ ರೋಗಿ ಇಡೀ ಸಮರ್‌ಸೆಟ್."

ಅಲ್ಲಿಂದ ಶುರು. ಮರುದಿನದಿಂದ ದಿನಾ ಎಂಟಕ್ಕೆ ಬೇಲಿಯ ಹತ್ತಿರ ಬಂದು ಎರಡು ಪ್ರಶ್ನೆ ಕೇಳುತ್ತಿದ್ದರು. ಮೊದಲನೆಯದು, "ತಿಂಡಿ ಆಯ್ತಾ?" ಅವರ ಊರಿನಲ್ಲೂ ಎದುರಾದವರನ್ನು ಮೊದಲು ಹಾಗೆಯೇ ಕೇಳುತ್ತಾರಂತೆ. ಇದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ. ಎರಡನೆಯದು, "ರೋಗಿ ಹೇಗಿದ್ದಾನೆ?" ನಾನು ತಾಪಮಾನ ಓದಿ ಹೇಳುತ್ತಿದ್ದೆ. "ಸ್ವಲ್ಪ ಜ್ವರ," ಎಂದೋ "ಪರವಾಗಿಲ್ಲ, ನಾಳೆ ಡಿಸ್ಚಾರ್ಜ್ ಮಾಡಿ," ಎಂದೋ ಹೇಳಿ ಮಲಗಲು ಹೋಗುತ್ತಿದ್ದರು.

ಅವರು ಬೆರಳಿನಿಂದ ಏನನ್ನೂ ತೋರಿಸುತ್ತಿರಲಿಲ್ಲ. ದಿಕ್ಕು ತೋರಿಸುವುದು ತುಟಿಯಿಂದ. ತುಟಿ ಮುಂದೆ ಮಾಡಿ, ಗಲ್ಲ ಸ್ವಲ್ಪ ಎತ್ತಿದರೆ ಅದು "ಅಲ್ಲಿ". ಕಾರು ಅಲ್ಲಿ, ಅಂಚೆಯವನು ಅಲ್ಲಿ, ಮೋಡ ಅಲ್ಲಿ. ಮೊದಮೊದಲು ನನಗೆ ಅರ್ಥವಾಗದೆ ಅವರ ಮುಖವನ್ನೇ ನೋಡುತ್ತಿದ್ದೆ. ವರ್ಷದೊಳಗೆ ನಾನೂ ಹಾಗೆ ಮಾಡತೊಡಗಿದೆ. ಮಗಳು, "ಅಮ್ಮಾ, ಅದೇನು ಕೋತಿ ಥರ?" ಎಂದು ಕೇಳಿದಾಗಲೇ ನನಗದು ತಿಳಿದದ್ದು.

ಅವರ ಗ್ಯಾರೇಜಿನಲ್ಲಿ ಯಾವಾಗಲೂ ಒಂದು ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ಸೋಪು, ಟವೆಲ್, ಕಾಫಿಪುಡಿ, ಮಕ್ಕಳ ಬೂಟು ಒಂದೊಂದಾಗಿ ಅದರೊಳಗೆ ಸೇರುತ್ತಿದ್ದವು. ತುಂಬಿದಾಗ ಹಡಗಿನಲ್ಲಿ ಊರಿಗೆ ಹೋಗುತ್ತಿತ್ತು. ಮರುದಿನ ಅದೇ ಜಾಗದಲ್ಲಿ ಖಾಲಿ ಪೆಟ್ಟಿಗೆ. ಮದುವೆಯಾಗಿರಲಿಲ್ಲ. ಅಣ್ಣತಮ್ಮಂದಿರ ಮಕ್ಕಳೆಲ್ಲ ಆ ಪೆಟ್ಟಿಗೆಯಿಂದ ಬೆಳೆದವರು.

ಇನ್ನೊಂದು ಮಾತು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. "ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ." ಔಷಧ ಕೊಟ್ಟು ಬರೆಯಲು ಮರೆತರೆ ಕೊಟ್ಟಿಲ್ಲವೆಂದೇ ತಿಳಿಯಬೇಕು, ಇದು ಅವರ ವೃತ್ತಿಯ ಪಾಠ. ನನ್ನ ವೃತ್ತಿಯದೂ ಅದೇ. ಆ ಮಾತಿನ ಬಲದಿಂದ ನಾವು ಹತ್ತಿರವಾದೆವು.

ಆ ಮೇ ಒಂದನೆಯ ತಾರೀಖು ಅವರು ಪಾಳಿಯಿಂದ ಬಂದವರೇ ಮಲಗದೆ ಅಂಗಳದ ಹೂವು ಕೊಯ್ಯುತ್ತಿದ್ದರು. ಏಕೆಂದು ಕೇಳಿದೆ. ಮೇ ತಿಂಗಳಿಡೀ ಅವರ ಕಡೆ ಮೇರಿಯಮ್ಮನಿಗೆ ಹೂವಿನ ಸೇವೆ. ಬಿಳಿ ಬಟ್ಟೆ ತೊಟ್ಟ ಮಕ್ಕಳು ದಿನಾ ಸಂಜೆ ಸಾಲಾಗಿ ಹೋಗಿ ಹೂವು ಅರ್ಪಿಸುತ್ತಾರೆ. ಇಲ್ಲಿ ಚರ್ಚಿನಲ್ಲಿ ವಾರಕ್ಕೊಮ್ಮೆ.

"ಬರೀ ಹೂವೇ? ಇಡೀ ತಿಂಗಳು?"

"ಹೂವು ಶುರು ಅಷ್ಟೆ. ಮೇ ಅಂದರೆ ನಮ್ಮಲ್ಲಿ ಒಂದೊಂದು ಊರಿಗೆ ಒಂದೊಂದು ಹಬ್ಬ. ಒಂದು ಕಡೆ ಕೋಣಗಳು ಚರ್ಚಿನ ಮುಂದೆ ಮಂಡಿಯೂರುತ್ತವೆ."

ನಾನು ರಿಜಿಸ್ಟರಿನ ಕೊನೆಯ ಹಾಳೆ ತಿರುವಿ ಮೇಲೆ "ಮೇ" ಎಂದು ಬರೆದೆ. ಇಂಥದ್ದನ್ನು ಬಾಯಿಮಾತಿಗೆ ಬಿಡಬಾರದು.

"ಕೋಣ ಮಂಡಿಯೂರುತ್ತದೆಯೇ? ಎರಡೂ ಕಾಲು?"

"ಎರಡೂ ಮುಂಗಾಲು. ಮೈ ತೊಳೆದು, ಎಣ್ಣೆ ಹಚ್ಚಿ, ಹೂವು ಮುಡಿಸಿ ಕರ್ಕೊಂಡು ಬರ್ತಾರೆ."

ನಮ್ಮಲ್ಲಿ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ಇದೆ, ಎಷ್ಟು ಹೇಳಿದರೂ ತಲೆಗೆ ಹೋಗದವರಿಗೆ ಹಾಗೆನ್ನುತ್ತೇವೆ ಎಂದೆ. ನರ್ಸಮ್ಮ ಯೋಚಿಸಿ ಹೇಳಿದರು: "ನಿಮ್ಮವರು ಕಿನ್ನರಿ ಬಾರಿಸಿದ್ದು ತಪ್ಪು. ಬೆಲ್ಲ ಕೊಡಬೇಕಿತ್ತು. ಕೋಣಕ್ಕೆ ಕಲಿಸೋದು ಸುಲಭ ಆತೆ. ಹೊಸ ಡಾಕ್ಟರುಗಳಿಗೆ ಕಲಿಸೋದು ಕಷ್ಟ."

ಅವರ ಕಡೆ ಅಕ್ಕನನ್ನು ಆತೆ ಎಂದು ಕರೆಯುತ್ತಾರೆ. ನಾನು ಅವರಿಗಿಂತ ಒಂಬತ್ತು ವರ್ಷ ದೊಡ್ಡವಳು.

ಹೀಗೆ ದಿನಕ್ಕೊಂದು ಊರು ನನ್ನ ಹಾಳೆಗೆ ಬಂತು. ಮಕ್ಕಳಾಗಲೆಂದು ಹೆಂಗಸರು ಬೀದಿಯಲ್ಲಿ ಕುಣಿಯುತ್ತ ಸಾಗುವ ಊರು. ತಿಂಗಳ ಕೊನೆಗೆ ರಾಣಿಯರ ವೇಷದ ಹುಡುಗಿಯರು ಹೂವಿನ ಕಮಾನುಗಳ ಕೆಳಗೆ ಶಿಲುಬೆಯನ್ನು ಹುಡುಕಿಕೊಂಡು ಹೊರಡುವ ಮೆರವಣಿಗೆ. ನಾನು ಪ್ರಶ್ನೆ ಕೇಳುವುದು, ಅವರು ನಿದ್ದೆಗಣ್ಣಿನಲ್ಲಿ ಉತ್ತರ ಹೇಳುವುದು. ಕಮಾನು ಯಾರು ಹೊರುತ್ತಾರೆ? ರಾಣಿಯಾಗಿ ಆಯ್ಕೆಯಾಗದ ಹುಡುಗಿಯರು ಅಳುವುದಿಲ್ಲವೆ? ಮಳೆ ಬಂದರೆ ರಾಣಿಯರು ಏನು ಮಾಡುತ್ತಾರೆ? "ಆತೆ, ನಿಮಗೆ ಮಳೆ ಒಂದೇ ಚಿಂತೆ," ಎನ್ನುತ್ತಿದ್ದರು.

ಏಳನೆಯ ತಾರೀಖು ಮಾತು ಅವರ ಸ್ವಂತ ಊರಿಗೆ ಬಂತು. ಲುಕ್ಬಾನ್. ಬೆಟ್ಟದ ಬುಡದ ಊರು. ಅಲ್ಲಿ ಮೇ ಹದಿನೈದರಂದು ರೈತರ ಸಂತನ ಹಬ್ಬ, ಪಹಿಯಾಸ್. ಆ ಸಂತ ಕೂಲಿಯಾಳು. ಹೊಲ ಉಳುವ ಹೊತ್ತಿನಲ್ಲಿ ಪ್ರಾರ್ಥನೆಗೆ ಕೂರುತ್ತಾನೆಂದು ಯಜಮಾನನಿಗೆ ದೂರು ಹೋಯಿತು. ಯಜಮಾನ ಬಂದು ನೋಡಿದರೆ ಇವನು ಕೈ ಮುಗಿದು ಕೂತಿದ್ದಾನೆ, ದೇವದೂತರು ನೇಗಿಲು ಹಿಡಿದು ಉಳುತ್ತಿದ್ದಾರೆ. "ನೈಟ್ ಶಿಫ್ಟಿಗೆ ಇಬ್ಬರನ್ನ ಕಳಿಸು ಅಂತ ನಾನೂ ಕೇಳಿದ್ದೆ," ಎಂದರು ನರ್ಸಮ್ಮ. "ಇನ್ನೂ ಬಂದಿಲ್ಲ."

ಆ ದಿನ ಮೆರವಣಿಗೆ ಹಾಯುವ ಬೀದಿಯ ಮನೆಗಳ ಮುಂಭಾಗವೆಲ್ಲ ಆ ವರ್ಷದ ಫಸಲಿನಿಂದ ಮುಚ್ಚಿಹೋಗುತ್ತದೆ. ತರಕಾರಿ, ಭತ್ತದ ತೆನೆ, ಬಾಳೆಗೊನೆ. ಎಲ್ಲದರ ಮೇಲೆ ಕಿಪಿಂಗ್. ಅಕ್ಕಿಹಿಟ್ಟಿಗೆ ಬಣ್ಣ ಕಲಸಿ, ಎಲೆಯ ಮೇಲೆ ತೆಳ್ಳಗೆ ಸವರಿ, ಹಬೆಯಲ್ಲಿ ಬೇಯಿಸಿ, ಒಣಗಿದ ಮೇಲೆ ಎಲೆಯಿಂದ ಬಿಡಿಸಿದ ಹಾಳೆ. ಎಲೆಯ ನರನರವೂ ಅದರಲ್ಲಿ ಮೂಡಿರುತ್ತದೆ.

ನಾನು ಪೆನ್ನು ಕೆಳಗಿಟ್ಟೆ. "ಇದು ಎಲೆ ಸಂಡಿಗೆ! ನನ್ನಮ್ಮ ಮಾಡುತ್ತಿದ್ದರು."

"ತಿನ್ನೋದಕ್ಕಾ?"

"ಮತ್ತೇನು ಗೋಡೆಗೆ ಅಂಟಿಸುವುದಕ್ಕಾ?"

"ನಾವು ಗೋಡೆಗೇ ಅಂಟಿಸೋದು," ಎಂದರು.

ಆಮೇಲೆ ಅವರು ಹೇಳಿದ್ದನ್ನು ನಾನು ಆ ದಿನ ಬರೆದುಕೊಳ್ಳಲಿಲ್ಲ. ಮೆರವಣಿಗೆಯ ದಾರಿ ವರ್ಷವರ್ಷ ಬದಲಾಗುತ್ತದೆ. ಎಲ್ಲ ಬೀದಿಗೂ ಸರದಿ ಬರಬೇಕು. ಅವರ ಬೀದಿಯ ಸರದಿ ಬರುವ ಎರಡು ತಿಂಗಳ ಮೊದಲು ಅವರು ಕೊಲ್ಲಿ ದೇಶದ ಆಸ್ಪತ್ರೆಗೆ ಹೊರಟರು. ವಯಸ್ಸು ಇಪ್ಪತ್ತಮೂರು. ಮುಂದಿನ ಸರದಿಗೆ ಅಮೆರಿಕಕ್ಕೆ ಬಂದಿದ್ದರು, ಕಾಗದಪತ್ರ ಆಗಿರಲಿಲ್ಲ, ಹೊರಗೆ ಹೋದರೆ ಮರಳುವ ಭರವಸೆ ಇರಲಿಲ್ಲ. ಅದರ ಮುಂದಿನದಕ್ಕೆ ಟಿಕೆಟ್ ಮಾಡಿಸಿದ್ದರು. ಆ ತಿಂಗಳೇ ತಾಯಿ ತೀರಿಕೊಂಡು, ಮನೆ ಅಲಂಕರಿಸುವ ಹಾಗಿರಲಿಲ್ಲ. ನಾಲ್ಕನೆಯದು ಮಹಾಮಾರಿಯ ವರ್ಷ. ಅಲ್ಲಿ ಹಬ್ಬವಿಲ್ಲ, ಇಲ್ಲಿ ಇವರಿಗೆ ವಾರ್ಡು ಬಿಟ್ಟು ಹೊರಗೆ ಬರಲು ಬಿಡುವಿಲ್ಲ. ಆಮೇಲೆ ಅಣ್ಣ ಆ ಮನೆ ಮಾರಿದರು.

"ಆದ್ದರಿಂದ ಇನ್ನು ಸರದಿ ಇಲ್ಲ," ಎಂದರು. ಪಾಳಿ ಪಟ್ಟಿ ಓದುವ ದನಿಯಲ್ಲೇ. "ಈ ವರ್ಷ ಇಲ್ಲೇ, ಈ ಮನೆ ಮುಂದೆ ಮಾಡ್ತೀನಿ. ಬಡಾವಣೆಯ ಅಸೋಸಿಯೇಷನ್‌ನವರನ್ನ ಕೇಳಿದೆ. ಅಂದೇ ಕತ್ತಲಾಗೋ ಮೊದಲು ತೆಗೀಬೇಕಂತೆ, ತೆಗೀತೀನಿ. ಮೆರವಣಿಗೆ ಬರಲ್ಲ, ಗೊತ್ತು. ಆದರೂ ಒಂದು ಸಲ ನನ್ನ ಕೈಯಿಂದ ಒಂದು ಮನೆ."

ಆಸ್ಪತ್ರೆಯ ಅಂಗಳದ ಮ್ಯಾಗ್ನೋಲಿಯಾ ಮರವನ್ನು ಏಪ್ರಿಲಿನಲ್ಲಿ ಸವರಿದ್ದರು. ಆ ಎಲೆಗಳನ್ನು ಅವರು ಚೀಲದಲ್ಲಿ ತಂದು ಫ್ರಿಜ್ಜಿನಲ್ಲಿಟ್ಟಿದ್ದರು. ದಪ್ಪ ಎಲೆ, ಎದ್ದು ಕಾಣುವ ನರ. ಐದು ದಿನ, ಪಾಳಿ ಮುಗಿಸಿ ಬಂದು ನಿದ್ದೆಯಲ್ಲಿ ಎರಡು ಗಂಟೆ ಕಡಿಮೆ ಮಾಡಿ, ಮುನ್ನೂರು ಕಿಪಿಂಗ್ ಬೇಯಿಸಿದರು. ಗ್ಯಾರೇಜಿನಲ್ಲಿ, ಊರಿಗೆ ಹೋಗುವ ಪೆಟ್ಟಿಗೆಯ ಮೇಲೆ, ಅದರ ಸುತ್ತ, ತಟ್ಟೆತಟ್ಟೆಯಾಗಿ ಹರಡಿದರು. ಹನ್ನೆರಡನೆಯ ತಾರೀಖು ಬೆಳಿಗ್ಗೆ ಬೇಲಿಯ ಹತ್ತಿರ ಬಂದು, "ಆತೆ, ಗ್ಯಾರೇಜಿನ ಬಾಗಿಲು ತೆಗೆದಿಟ್ಟಿದ್ದೀನಿ. ಮಲಗ್ತೀನಿ. ಸ್ವಲ್ಪ ನೋಡ್ಕೊಳ್ಳಿ," ಎಂದು ಒಳಗೆ ಹೋದರು.

ನೋಡಿಕೊಂಡೆ. ಹತ್ತು ಗಂಟೆಗೆ ಹೋಗಿ ಮುಟ್ಟಿದರೆ ಕಿಪಿಂಗ್ ಇನ್ನೂ ತಣ್ಣಗೆ, ಮೆತ್ತಗೆ. ಹೊರಗೆ ಎಂಥ ಬಿಸಿಲು! ಒಣಗಾಳಿ, ಮೋಡದ ಸುಳಿವಿಲ್ಲ, ಸಂಡಿಗೆ ಹಾಕಲು ಹೇಳಿ ಮಾಡಿಸಿದ ದಿನ. ಇಂಥ ಬಿಸಿಲನ್ನು ಅಂಗಳದಲ್ಲಿ ಬಿಟ್ಟು ಸಂಡಿಗೆಯನ್ನು ಕೊಠಡಿಯಲ್ಲಿಟ್ಟರೆ ನನ್ನಮ್ಮ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಹನ್ನೊಂದು ತಟ್ಟೆಗಳನ್ನು ಒಂದೊಂದಾಗಿ ಹೊತ್ತು ಡ್ರೈವ್‌ವೇ ಮೇಲೆ ಸಾಲಾಗಿ ಇಟ್ಟೆ. ಕಾಗೆ ಬಾರದಂತೆ ಕುರ್ಚಿ ಹಾಕಿಕೊಂಡು ಕೂತೆ. ಇಲ್ಲಿನ ಕಾಗೆಗಳಿಗೆ ಸಂಡಿಗೆಯ ರುಚಿ ಗೊತ್ತಿಲ್ಲವೆಂಬುದೂ ನನಗೆ ಹೊಳೆಯಲಿಲ್ಲ. ಒಂದು ಗಂಟೆಗೆ ಒಂದನ್ನು ಎತ್ತಿ ಉಗುರಿನಿಂದ ತಟ್ಟಿದೆ. ಟಣ್ ಎಂದಿತು. ಬಹಳ ಹೆಮ್ಮೆಯಾಯಿತು.

ಮೂರು ಗಂಟೆಗೆ ನರ್ಸಮ್ಮ ಎದ್ದು ಹೊರಗೆ ಬಂದರು. ಬಾಗಿಲಲ್ಲೇ ನಿಂತರು. ನಾನು ಕುರ್ಚಿಯಿಂದ, "ನೋಡಿ, ಹೇಗೆ ಒಣಗಿವೆ!" ಎಂದೆ.

ಅವರು ಬಗ್ಗಿ ಒಂದನ್ನು ಎತ್ತಿಕೊಂಡರು. ಅದು ದೊನ್ನೆಯ ಹಾಗೆ ಮುದುಡಿತ್ತು. ಬಿಡಿಸಲು ಹೋದರು. ನರದ ಗುಂಟ ಬಿರುಕು ಬಿಟ್ಟು ಎರಡು ತುಂಡಾಗಿ ಕೈಯಲ್ಲೇ ಉಳಿಯಿತು. ಇನ್ನೊಂದು. ಅದೂ ಅಷ್ಟೆ. ಎಲೆಗಳೂ ಅದರೊಂದಿಗೇ ಸುರುಟಿ ಹೋಗಿದ್ದವು. ಕಿಪಿಂಗ್ ಗಾಜಿನ ಕಾಗದದ ಹಾಗೆ ಚಪ್ಪಟೆಯಾಗಿ, ಬಳುಕುವಂತಿರಬೇಕು. ಬೆಳಕು ಅದರೊಳಗಿಂದ ಹಾಯಬೇಕು. ಆದ್ದರಿಂದ ಅದನ್ನು ನೆರಳಲ್ಲಿ ಗಾಳಿಗಿಟ್ಟು, ಆಮೇಲೆ ಭಾರ ಹೇರಿ ಒತ್ತಬೇಕು. ಬಿಸಿಲು ತಾಕಲೇಬಾರದು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಅವರ ಮುಖ ನೋಡಿ.

"ಎಷ್ಟು ಗಂಟೆಗೆ ಹೊರಗೆ ಬಂತು ಇದು?" ಎಂದು ಕೇಳಿದರು.

"ಹತ್ತು ಹತ್ತಕ್ಕೆ."

"ಬರೆದಿದ್ದೀರಾ?"

ಹೋಗಿ ರಿಜಿಸ್ಟರ್ ತಂದೆ. ಷರಾ ಕಾಲಮಿನಲ್ಲಿ "10:10, ನರ್ಸಮ್ಮನ ಸಂಡಿಗೆ ಬಿಸಿಲಿಗೆ" ಎಂದು ಬರೆದಿದ್ದೆ. ಅವರ ಎದುರೇ ಅದರ ಕೆಳಗೆ, "ಕೇಳದೆ ಇಟ್ಟೆ. ಎಲ್ಲವೂ ಹಾಳು. ತಪ್ಪು ನನ್ನದು," ಎಂದು ಬರೆದೆ. ಏನು ಬರೆದಿರಿ ಎಂದರು. ಓದಿ ಹೇಳಿದೆ.

"ಚೆನ್ನಾಗಿ ಬರೆದಿದ್ದೀರಿ," ಎಂದರು. "ತಪ್ಪು ಮಾಡಿದವರು ಗಂಟೆ ಬರೆಯೋದು ಕಡಿಮೆ." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೆಲ್ಲಗೆ ಹಾಕಿಕೊಂಡರು. ದಢಾರನೆ ಹಾಕಿದ್ದರೆ ನನಗೆ ಹಗುರವಾಗುತ್ತಿತ್ತು.

ಮಗಳು ಆಫೀಸಿನಿಂದ ಬಂದಾಗ ಹೇಳಿದೆ.

"ಅಮ್ಮಾ! ಯಾರು ಹೇಳಿದ್ರು ನಿಂಗೆ ಹೊರಗಿಡು ಅಂತ?"

"ಸಂಡಿಗೆ ಅಂದ್ಕೊಂಡೆ ಕಣೆ."

"ಪ್ರಪಂಚದಲ್ಲಿರೋದೆಲ್ಲಾ ನಿನ್ನ ಸಂಡಿಗೇನಾ? ಒನ್ಸ್ ಆಸ್ಕ್ ಮಾಡ್ಬಾರ್ದಿತ್ತಾ? ಪಾಪ ಆಂಟಿ, ಫೈವ್ ಡೇಸ್ ನಿದ್ದೆ ಬಿಟ್ಟಿದ್ದಾರೆ!"

"ಬೈಯೋದು ಆಮೇಲೆ ಬೈಯಿ. ಈಗ ಕಾರು ತೆಗಿ."

"ಎಲ್ಲಿಗೆ?"

"ಎಡಿಸನ್ನಿನ ಇಂಡಿಯನ್ ಅಂಗಡಿಗೆ. ವೀಳ್ಯದೆಲೆ ಬೇಕು. ಅಂಗಡಿಯಲ್ಲಿರೋಷ್ಟೂ."

ದಪ್ಪ ಎಲೆ, ನುಣುಪು ಮೈ, ಎದ್ದು ಕಾಣುವ ನರ, ತಿನ್ನುವ ಪದಾರ್ಥಕ್ಕೆ ತಾಕಿದರೆ ಭಯವಿಲ್ಲ. ಡ್ರೈವ್‌ವೇ ಮೇಲಿನ ತಟ್ಟೆಗಳನ್ನು ಮತ್ತೆ ಒಳಗೆ ಸಾಗಿಸುತ್ತಲೇ ಇದನ್ನು ಯೋಚಿಸಿದ್ದೆ. ಎರಡು ಅಂಗಡಿ ಸುತ್ತಿ ಇದ್ದ ಕಟ್ಟುಗಳನ್ನೆಲ್ಲ ತಂದೆವು. ಮನೆಗೆ ಬಂದು ಅಕ್ಕಿ ನೆನೆಹಾಕಿದೆ.

ಮರುದಿನ ಬೆಳಿಗ್ಗೆ ಏಳು ನಲವತ್ತಕ್ಕೆ ನರ್ಸಮ್ಮ ಕಾರಿನಿಂದ ಇಳಿದಾಗ ನಾನು ಅವರ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದಲ್ಲಿ ರುಬ್ಬಿದ ಹಿಟ್ಟಿನ ಪಾತ್ರೆ, ತಟ್ಟೆ ಇಡ್ಲಿಯ ಸ್ಟ್ಯಾಂಡು, ಒದ್ದೆ ಬಟ್ಟೆಯಲ್ಲಿ ಎಲೆ. ಅವರು ಒಂದು ಎಲೆ ತೆಗೆದುಕೊಂಡು ತೊಟ್ಟು ಮುರಿದು ಮೂಸಿದರು. ಮತ್ತೊಮ್ಮೆ ಮೂಸಿದರು.

"ಇದು ನನ್ನ ಅಜ್ಜಿ," ಎಂದರು. "ಅಡಿಕೆ, ಸುಣ್ಣ ಹಾಕಿ ಜಗಿಯುತ್ತಿದ್ದಳು. ಹತ್ತಿರ ಹೋದರೆ ಇದೇ ವಾಸನೆ. ನಿಮ್ಮಲ್ಲೂ ಉಂಟಾ?"

"ನಮ್ಮಲ್ಲಿ ಇದಿಲ್ಲದೆ ಮದುವೆಯೇ ಇಲ್ಲ."

ಅವರು ನಿಂತಲ್ಲೇ ಆಸ್ಪತ್ರೆಗೆ ಫೋನು ಮಾಡಿ ಹದಿನೈದರ ರಜೆಗೆ ಮುಂಚಿನ ಎರಡು ರಾತ್ರಿಯ ಪಾಳಿಯನ್ನೂ ಬದಲಾಯಿಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ಇವತ್ತು ನೀವು ನನ್ನ ಸ್ಟೂಡೆಂಟು. ಹೇಳದೆ ಏನೂ ಮುಟ್ಟಬಾರದು," ಎಂದರು. ಮುಟ್ಟಲಿಲ್ಲ. ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿದೆ. ಹಿಟ್ಟು ಎಷ್ಟು ನೀರಾಗಿರಬೇಕು, ಎಲೆಯ ಯಾವ ಬದಿಗೆ ಸವರಬೇಕು, ಹಬೆಯಿಂದ ಯಾವಾಗ ಇಳಿಸಬೇಕು ಎಂದು ತುಟಿಯಲ್ಲೇ ತೋರಿಸುತ್ತಿದ್ದರು. ಗ್ಯಾರೇಜಿನಲ್ಲಿ ಹಗ್ಗ ಕಟ್ಟಿ ತೂಗುಹಾಕಿದೆವು. ನನಗೆ ಗಳಿಗೆಗೊಮ್ಮೆ ಮುಟ್ಟಿ ನೋಡುವ ಆತುರ. "ಆತೆ, ನೀವು ಒಣಗಿಸೋಕೆ ಹೋಗ್ಬೇಡಿ. ಅದು ಒಣಗುತ್ತೆ. ನಾವು ಅಡ್ಡ ಬರಬಾರದು ಅಷ್ಟೆ." ರೋಗಿಗಳ ಮನೆಯವರಿಗೂ ಇದನ್ನೇ ಹೇಳುತ್ತಿದ್ದರಂತೆ. ಆರಿದ ಕಿಪಿಂಗ್ ಬಿಡಿಸಿ, ಸಾಲಾಗಿ ಜೋಡಿಸಿ, ಮೇಲೆ ಹಲಗೆಯಿಟ್ಟು, ಅದರ ಮೇಲೆ ಅವರ ಮನೆಯದೊಂದು, ನಮ್ಮ ಮನೆಯದೊಂದು ಅಕ್ಕಿ ಮೂಟೆ ಹೇರಿದೆವು. ಎರಡು ದಿನದಲ್ಲಿ ಇನ್ನೂರ ಹನ್ನೊಂದು ಆದವು. ಎಲ್ಲವೂ ವೀಳ್ಯದೆಲೆಯ ಆಕಾರದಲ್ಲಿ. ಲುಕ್ಬಾನಿನಲ್ಲಿ ಯಾರೂ ಅಂಥದ್ದನ್ನು ನೋಡಿರಲಾರರು.

ಅಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ಹಾಳು ಮಾಡಿದ್ದನ್ನು ತುಂಬಿಕೊಟ್ಟದ್ದಾಯಿತು, ಕೊಟ್ಟದ್ದೇನೂ ಇಲ್ಲ. ಮೆರವಣಿಗೆ ಬರಲ್ಲ, ಗೊತ್ತು ಎಂದಿದ್ದರಲ್ಲ, ಅದು ಕಿವಿಯಲ್ಲೇ ಇತ್ತು.

ನಮ್ಮ ಬಡಾವಣೆಯಲ್ಲಿ ಮಕ್ಕಳ ಮನೆಗೆ ಬಂದ ಹಿರಿಯರದೊಂದು ವಾಕಿಂಗ್ ತಂಡವಿದೆ. ಸಂಜೆ ಆರಕ್ಕೆ ಅಂಚೆಪೆಟ್ಟಿಗೆಗಳ ಹತ್ತಿರ ಸೇರಿ, ಕೆರೆಯ ತನಕ ಹೋಗಿ ಬರುವುದು. ತಂಡದ ಮುಂದಾಳು ಧಾರವಾಡದ ರಾಯರು, ನಿವೃತ್ತ ಕಾಲೇಜು ಪ್ರಿನ್ಸಿಪಾಲರು. ದಾರಿ ಅವರು ಹೇಳಿದ್ದೇ. ಹದಿನಾಲ್ಕರ ಸಂಜೆ ಅವರನ್ನು ಪಕ್ಕಕ್ಕೆ ಕರೆದು, ನಾಳೆ ಒಂದು ದಿನ ನಮ್ಮ ಓಣಿಯೊಳಗೆ ಬರಬೇಕು ಎಂದೆ.

"ನಿಮ್ಮ ಓಣಿ ಮುಂದ ದಾರಿನ ಇಲ್ಲಲ್ರೀ ಅಕ್ಕಾರ. ಡೆಡ್ ಎಂಡ್ ಅದ."

"ಹೋಗಿ ತಿರುಗಿ ಬನ್ನಿ. ದೇವರು ಬರಬೇಕಾದ ಮನೆ ಒಂದಿದೆ."

ವಿಷಯವೆಲ್ಲ ಹೇಳಿದೆ. ರಾಯರು ಕೋಲು ಊರಿ ಕೇಳಿಸಿಕೊಂಡರು. "ಯಾವ ದೇವರ್ರೀ?"

"ಅವರ ಸಂತ. ಎತ್ತು ನೇಗಿಲು ಹಿಡಿದಿದ್ದಾನೆ. ಒಕ್ಕಲುತನದವನು."

"ಒಕ್ಕಲುತನದ ದೇವರಂದ್ರ ನಮ್ಮಾಂವನ ಬಿಡ್ರಿ. ಕರೀಲಿಕ್ಕೇ ಬೇಕು."

ಹದಿನೈದರ ಬೆಳಿಗ್ಗೆ ಆರು ನಲವತ್ತರಿಂದ ಸಂಜೆ ಐದರ ತನಕ ಮನೆ ಅಲಂಕರಿಸಿದೆವು. ಕಿಟಕಿಗಳ ಸುತ್ತ ಅಲಸಂದೆ, ಹಾಗಲ, ಮೂಲಂಗಿ. ಕಂಬಗಳಿಗೆ ಬಾಳೆಗೊನೆ. ಸಾಸೇ​ಜಿನ ಸರವೂ ಇರಲೇಬೇಕಂತೆ. ಅದನ್ನು ನನ್ನಿಂದ ದೂರದ ಕಂಬಕ್ಕೆ ತಾವೇ ಕಟ್ಟಿ, "ಅತ್ತ ನೋಡ್ಬೇಡಿ," ಎಂದರು. ಬಾಗಿಲ ಮೇಲೆ ಕಿಪಿಂಗಿನ ದೊಡ್ಡ ತೂಗುಗೊಂಚಲು, ಹಸಿರು, ಹಳದಿ, ಗುಲಾಬಿ. ನಾಲ್ಕು ಗಂಟೆಗೆ ಮೋಡ ಸರಿದು ಬಿಸಿಲು ಓರೆಯಾಗಿ ಬಿತ್ತು. ಇನ್ನೂರ ಹನ್ನೊಂದು ಎಲೆಗಳ ನರಗಳೂ ಹೊತ್ತಿಕೊಂಡ ಹಾಗೆ ಕಂಡವು. ಬೆಳಕು ಒಳಗಿಂದ ಹಾಯಬೇಕು ಎಂದರೆ ಏನೆಂದು ಆಗ ತಿಳಿಯಿತು.

ಐದೂ ಮುಕ್ಕಾಲಿಗೆ, "ನಿಮ್ಮ ಸಂತನನ್ನು ಅರ್ಧ ಗಂಟೆ ಕೊಡಿ," ಎಂದೆ.

"ಯಾಕೆ?"

"ದೇವರು ಮನೆಯೊಳಗೇ ಕೂತಿದ್ದರೆ ಮೆರವಣಿಗೆ ಎಲ್ಲಿಂದ ಬರಬೇಕು?"

ಅವರು ನನ್ನನ್ನೇ ನೋಡಿದರು. ಒಳಗೆ ಹೋಗಿ ಸಂತನನ್ನು ಬಿಳಿ ಟವೆಲಿನಲ್ಲಿ ಎತ್ತಿಕೊಂಡು ಬಂದು, ಪಾಳಿ ಬದಲಾಗುವಾಗ ರೋಗಿಯನ್ನು ಒಪ್ಪಿಸುವ ಹಾಗೆ ಒಪ್ಪಿಸಿದರು. "ಎಡಗೈ ಒಮ್ಮೆ ಮುರಿದಿತ್ತು, ಅಂಟಿಸಿದೆ. ಆ ಕೈ ಹಿಡಿದು ಎತ್ತಬಾರದು. ಎತ್ತಿನ ಕೊಂಬು ಹುಷಾರು."

ಅಂಚೆಪೆಟ್ಟಿಗೆಗಳ ಹತ್ತಿರ ಮಗಳು ಹಿತ್ತಾಳೆಯ ಹರಿವಾಣ ಹಿಡಿದು ನಿಂತಿದ್ದಳು. ಸಂತನನ್ನು ಅದರಲ್ಲಿ ನಿಲ್ಲಿಸಿದೆವು. ರಾಯರು ಹರಿವಾಣ ಕೈಗೆತ್ತಿಕೊಳ್ಳುವ ಮೊದಲು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು.

"ಅಂಕಲ್, ರೋಡ್ ಬಿಸಿ ಇರತ್ತೆ," ಎಂದಳು ಮಗಳು.

"ದೇವರ ಹೊತ್ತು ಬೂಟ್ ಹಾಕ್ಕೊಂಡು ಹ್ಯಾಂಗ ನಡೀಲಿಕ್ಕೆ ಬರ್ತದವಾ?" ಎಂದು ಬೂಟನ್ನು ಅಂಚೆಪೆಟ್ಟಿಗೆಯ ಕೆಳಗೆ ಜೋಡಿಸಿಟ್ಟು, ಬರೀ ಕಾಲುಚೀಲದಲ್ಲಿ ಹೊರಟರು. ಹಿಂದೆ ಸೀರೆ, ಸ್ನೀಕರ್ಸ್, ಟೋಪಿ, ಸ್ವೆಟರು. ಯಾರೋ ಮೆಲ್ಲಗೆ ಒಂದು ಭಜನೆ ಎತ್ತಿಕೊಂಡರು. ಯಾವ ದೇವರದೆಂದು ಯಾರೂ ತಕರಾರು ಮಾಡಲಿಲ್ಲ.

ನಾವು ಓಣಿಗೆ ತಿರುಗಿದಾಗ ನರ್ಸಮ್ಮ ಬಾಗಿಲ ಮುಂದೆ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಮೊದಲು ಎರಡೂ ಕೈ ಬಾಯಿಗೆ ಅಡ್ಡ ಹೋದವು. ಆಮೇಲೆ ಕೈ ಕೆಳಗಿಳಿಸಿ, ಮನೆಯ ಯಜಮಾನಿ ನಿಲ್ಲುವ ಹಾಗೆ ನೆಟ್ಟಗೆ ನಿಂತರು. ರಾಯರು ಹರಿವಾಣವನ್ನು ಅವರ ಮುಂದೆ ಹಿಡಿದು ನಿಂತರು. ಅವರು ಶಿಲುಬೆಯ ಗುರುತು ಮಾಡಿಕೊಂಡು, ಸಂತನ ಪಾದ ಮುಟ್ಟಿ, ಅವನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅದೇನೆಂದು ನಾನು ಕೇಳಲಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆ ಬಹುಶಃ ಅದೊಂದೇ.

ಪ್ರಸಾದವಾಗಿ ಹಾಳಾದ ಮುನ್ನೂರನ್ನು ಕರಿದು, ಸಕ್ಕರೆ ಉದುರಿಸಿ ತಂದರು. ರಾಯರು ಒಂದು ಬಾಯಿಗೆ ಹಾಕಿಕೊಂಡು, "ಅಯ್ಯ! ಇದು ಸಂಡಗೀನ ಅದ ಅಲ್ರೀ!" ಎಂದರು. ನರ್ಸಮ್ಮ ನನ್ನನ್ನು ನೋಡಿದರು. ಇಬ್ಬರೂ ನಕ್ಕು ನಕ್ಕು ಗೋಡೆ ಹಿಡಿದುಕೊಂಡೆವು.

ಮೆರವಣಿಗೆ ದಾಟಿದ ಮೇಲೆ ಮನೆಯ ಅಲಂಕಾರವೆಲ್ಲ ಬಂದವರದು. ಅದು ಅವರ ಊರಿನ ಪದ್ಧತಿ. ನರ್ಸಮ್ಮ ಗೋಡೆಯ ಕಡೆ ತುಟಿ ಮಾಡಿದರು. ನಮ್ಮವರು ಮೊದಲು ಸಂಕೋಚಪಟ್ಟರು. ಹತ್ತು ನಿಮಿಷದಲ್ಲಿ ಒಂದು ಹಾಗಲಕಾಯಿಯೂ ಉಳಿದಿರಲಿಲ್ಲ.

ನರ್ಸಮ್ಮ ಹೋದದ್ದು ಆ ವರ್ಷದ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚೆ, ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲೇ. ಹೃದಯ. ಗ್ಯಾರೇಜಿನ ಪೆಟ್ಟಿಗೆ ಅರ್ಧ ತುಂಬಿತ್ತು. ಅವರ ಅಣ್ಣನ ಮಗಳು ಬಂದು ಉಳಿದರ್ಧವನ್ನು ಅವರ ಬಟ್ಟೆಗಳಿಂದ ತುಂಬಿ ಕಳಿಸಿದಳು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯವರು. ಬೆಳಿಗ್ಗೆ ಎಂಟಕ್ಕೆ ರೋಗಿ ಹೇಗಿದ್ದಾನೆಂದು ಕೇಳುವವರಿಲ್ಲ. ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಆ ಹದಿನೈದನೆಯ ತಾರೀಖು ಇನ್ನೂ ಮುಗಿದಿರಲಿಲ್ಲ.

ಹಗ್ಗ ಬಿಚ್ಚಿ, ಮೆಟ್ಟಿಲು ಗುಡಿಸಿ, ತಟ್ಟೆ ಇಡ್ಲಿಯ ಸ್ಟ್ಯಾಂಡು ತೊಳೆದು ಒರೆಸಿ ಆಯಿತು. ರಾಯರು ಬೂಟು ಹುಡುಕಿಕೊಂಡು ಹೋದರು. ಏಳೂ ಐವತ್ತಕ್ಕೆ ನಾನು ಹೊರಡಲು ಎದ್ದೆ.

"ಬರೆದಿರಾ?" ಎಂದರು ನರ್ಸಮ್ಮ.

"ಏನನ್ನು?"

"ಬರೆಯದಿದ್ದರೆ ಬಂದಿಲ್ಲ ಅಂತಲೇ ಲೆಕ್ಕ, ಆತೆ."

ಮನೆಗೆ ಹೋಗಿ ರಿಜಿಸ್ಟರ್ ತಂದು ಅವರ ಊಟದ ಮೇಜಿನ ಮೇಲೆ ಬಿಚ್ಚಿದೆ. ಷರಾ ಕಾಲಮಿನಲ್ಲಿ ಅವರಿಗೆ ಓದಲು ಬರುವಂತೆ ಇಂಗ್ಲಿಷಿನಲ್ಲೇ ಬರೆದೆ: ಸಂಜೆ 6:12. ಮೆರವಣಿಗೆ ಈ ಮನೆಯ ಮುಂದೆ ಬಂತು. ಜನ ಹದಿನಾಲ್ಕು. ಅವರು ನಿಧಾನವಾಗಿ, ಬೆರಳಿಟ್ಟು ಓದಿದರು. ಅವರು ಬೆರಳಿನಿಂದ ಏನನ್ನಾದರೂ ತೋರಿಸಿದ್ದನ್ನು ನಾನು ನೋಡಿದ್ದು ಆಗ ಮಾತ್ರ. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು, ಗಂಟೆ ನಮೂದಿಸಿ, ಸಹಿ ಮಾಡಿದರು.

ನಾನು ಡೆಕ್ಕಿಗೆ ಹೋಗಿ ಮಳೆಮಾಪಕ ನೋಡಿದೆ. ಎಂಟು ಗಂಟೆ. ಮಳೆ: ಇಲ್ಲ. ಬರೆದು ರಿಜಿಸ್ಟರ್ ಮುಚ್ಚಿದೆ.